ಅಜೋಲಾ ತೊಟ್ಟಿಯ ಮೇಲೆ ಬೀಳುವ ಹೊಗೆ

ಕೊಪ್ಪಳ ತಾಲ್ಲೂಕಿನ ನಮ್ಮ ಊರಿನಲ್ಲಿ ಎಮ್ಮೆ ಕಟ್ಟಿದ ಹಲವರ ಹಿತ್ತಲಿನಲ್ಲಿ ಸಿಲ್ಪಾಲಿನ್ ಹಾಳೆ ಹಾಸಿದ ಅಜೋಲಾ ತೊಟ್ಟಿ ಇದೆ. ಬೆಳಿಗ್ಗೆ ಎದ್ದು, ಸುತ್ತಲಿನ ಕಾರ್ಖಾನೆಗಳ ಹೊಗೆಯಿಂದ ಬಿದ್ದು ನೀರಿನ ಮೇಲೆ ಕೆನೆಗಟ್ಟಿದ ಕರಿಮಸಿಯನ್ನು ಅಂಗೈಯಿಂದ ಸರಿಸಿ, ಅಜೋಲಾವನ್ನು ಜರಡಿಯಲ್ಲಿ ಎತ್ತಿ, ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿಗೆ ಬೆರೆಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಮಸಿ ಕಣ್ಣಿಗೆ ಕಾಣುವುದರಿಂದ ಅದರ ಮೇಲೆ ಜಗಳವಾದರೂ ನಡೆಯುತ್ತದೆ. ನನ್ನ ತಕರಾರು ಅದೇ ಹೊಗೆಯಲ್ಲಿರುವ, ಕಣ್ಣಿಗೆ ಕಾಣದ ಅನಿಲಗಳ ಬಗ್ಗೆ.

ಅಜೋಲಾ ತೇಲುವ ಜರಿಗಿಡ. ಅದರ ಎಲೆಯ ಮೇಲ್ಹಾಲೆಯೊಳಗಿನ ಪುಟ್ಟ ಪೊಳ್ಳಿನಲ್ಲಿ, ಹಳೆಯ ಪುಸ್ತಕಗಳು ಅನಬೀನ ಎಂದು ಕರೆಯುವ ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ) ಮಣಿಸರದಂತೆ ವಾಸಿಸುತ್ತದೆ. ಆ ಸರದ ನಡುನಡುವೆ ಇರುವ ದಪ್ಪ ಗೋಡೆಯ ಹೆಟೆರೊಸಿಸ್ಟ್ ಕೋಶಗಳು ಗಾಳಿಯ ಸಾರಜನಕವನ್ನು ಅಮೋನಿಯಾ ಆಗಿಸಿ ಗಿಡಕ್ಕೆ ಕೊಡುತ್ತವೆ. ಗಿಡವು ಸಕ್ಕರೆಯನ್ನೂ ಆಸರೆಯನ್ನೂ ಕೊಡುತ್ತದೆ. ಬೀಜಕಗಳ ಜೊತೆಗೇ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದ ಈ ಜೀವಿ ಹೊರಗೆ ಸ್ವತಂತ್ರವಾಗಿ ಬದುಕುವ ಶಕ್ತಿಯನ್ನೇ ಕಳೆದುಕೊಂಡಿದೆ. 2010ರಲ್ಲಿ ಪ್ರಕಟವಾದ ಅದರ ಜೀನೋಮಿನ ತುಂಬ ಕೆಲಸ ನಿಲ್ಲಿಸಿದ ಜೀನುಗಳಿವೆ.

ಕಲ್ಲಿದ್ದಲು ಉರಿದಾಗ ಹೊರಬರುವ ಗಂಧಕದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಸಲ್ಫೈಟ್ ಆಗುತ್ತದೆ ಮತ್ತು ದ್ಯುತಿಸಂಶ್ಲೇಷಣೆಗೆ ಪೆಟ್ಟು ಕೊಡುತ್ತದೆ. ಒಂದು ಸಾರಜನಕದ ಅಣುವನ್ನು ಒಡೆಯಲು ಕನಿಷ್ಠ 16 ಎಟಿಪಿ (ಕೋಶಗಳು ಶಕ್ತಿಯಾಗಿ ಖರ್ಚು ಮಾಡುವ ಅಣು) ಖರ್ಚಾಗುವುದರಿಂದ, ಗಿಡದ ಸಕ್ಕರೆ ತಗ್ಗಿದರೆ ಒಳಗಿನ ಒಕ್ಕಲಿನ ದುಡಿಮೆಯೂ ತಗ್ಗುತ್ತದೆ. ಸಾರಜನಕದ ಡೈಆಕ್ಸೈಡ್ ವಿಷಯದಲ್ಲಿ, ಅದು ಪುಕ್ಕಟೆ ಯೂರಿಯಾ ಇದ್ದಂತೆ ತಾನೆ ಎಂದು ನಾನೂ ಒಮ್ಮೆ ಭಾವಿಸಿದ್ದೆ. ಆದರೆ 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಜೋಲಾವನ್ನು ಈ ಅನಿಲಕ್ಕೆ ಒಡ್ಡಿ ನೋಡಿದಾಗ ಬೆಳವಣಿಗೆ, ಹೆಟೆರೊಸಿಸ್ಟ್‌ಗಳ ರಚನೆ, ಸಾರಜನಕ ಸ್ಥಿರೀಕರಣ ಮೂರೂ ಕುಗ್ಗಿದವು.

ಕಳೆದ ಬೇಸಿಗೆಯಲ್ಲಿ ನಮ್ಮ ತೊಟ್ಟಿ ಕೆಂಪಾದಾಗ ನಾನು ನೇರವಾಗಿ ಹೊಗೆಯನ್ನು ಬೈದೆ. ಗೊಬ್ಬರದಂಗಡಿಯವರು ಸೂಪರ್ ಫಾಸ್ಫೇಟ್ ಹಾಕಿ, ನೆರಳುಬಲೆ ಕಟ್ಟಿ ಎಂದರು. ಹಾಗೆ ಮಾಡಿದ ಮೇಲೆ ಅದು ಮತ್ತೆ ಹಸಿರಾಯಿತು. ರಂಜಕದ ಕೊರತೆಯನ್ನು ಹೊಗೆಯ ತಲೆಗೆ ಕಟ್ಟುವುದು ತಪ್ಪು. ಆದರೆ ಎಲೆ ಹಸಿರಾಗಿದೆ ಎಂದ ಮಾತ್ರಕ್ಕೆ ಒಳಗಿನ ಜೋಡಿ ಸುಖವಾಗಿದೆ ಎನ್ನಲೂ ಬರುವುದಿಲ್ಲ.

ಗಾಳಿಯ ದೂಳನ್ನು ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೆಯುವವರು ಕಾರ್ಖಾನೆಗಳ ಸುತ್ತಲಿನ ಊರುಗಳಲ್ಲಿ ನಾಲ್ಕಾರು ಅಜೋಲಾ ಟಬ್ಬುಗಳನ್ನೂ ಇಟ್ಟು, ಅದೇ ಮಣ್ಣು, ಅದೇ ಗೊಬ್ಬರ ಹಾಕಿದ ದೂರದ ಊರಿನ ಟಬ್ಬುಗಳೊಂದಿಗೆ ಹೋಲಿಸಲಿ ಎಂಬುದು ನನ್ನ ವಾದ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬರು ಎಲೆಯನ್ನು ಗಾಜಿನ ಪಟ್ಟಿಯ ಮೇಲೆ ಅರೆದು, ಸೂಕ್ಷ್ಮದರ್ಶಕದಡಿ ನೂರು ಕೋಶಗಳಿಗೆ ಎಷ್ಟು ಹೆಟೆರೊಸಿಸ್ಟ್ ಎಂದು ಎಣಿಸಬಹುದು. ಟಬ್ಬು ಇಡಲು ನಮ್ಮ ಹಿತ್ತಲಿನಲ್ಲಿ ಜಾಗವಿದೆ; ಮಸಿಯನ್ನಂತೂ ಯಾರೂ ತರಬೇಕಾಗಿಲ್ಲ.