ಹೊಸೂರು ಕಡೆಯವರು ಕೊಳ ಖಾಲಿ ಮಾಡಬೇಡಿ
ಚಳಿಗಾಲಕ್ಕೆ ಈಜುಕೊಳದ ನೀರೆಲ್ಲ ತೆಗೆದು ಖಾಲಿ ಇಡಿ ಎಂದು ಒಂದು ಲೇಖನದಲ್ಲಿದೆ. ಹೊಸೂರು, ಡೆಂಕಣಿಕೋಟೆ ಕಡೆಯವರು ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಅಕ್ಟೋಬರ್‌ನಿಂದ ಹಿಂಗಾರು ಮಳೆ. ನೆಲದೊಳಗೆ ನೀರು ಏರಿದ್ದರೆ ಅದು ಖಾಲಿ ತೊಟ್ಟಿಯನ್ನು ಅಡಿಯಿಂದ ಒತ್ತುತ್ತದೆ. ತಳ ಬಿರುಕು ಬಿಡುತ್ತದೆ, ಟೈಲ್ಸ್ ಏಳುತ್ತವೆ. ಪೈಪ್ ಒಡೆಯುವಂತೆ ನೀರು ಹೆಪ್ಪುಗಟ್ಟುವ ಚಳಿಯೂ ನಮ್ಮಲ್ಲಿಲ್ಲ.

ನೀರು ಹಾಗೇ ಇರಲಿ; ಪಂಪ್ ದಿನಕ್ಕೆ 8 ಗಂಟೆ ಓಡಿಸುತ್ತಿದ್ದರೆ ಚಳಿಗಾಲಕ್ಕೆ 4 ಸಾಕು. ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 7.2ರಿಂದ 7.6 ಇರಲಿ, ಕ್ಲೋರಿನ್ 1 ಪಿಪಿಎಂಗಿಂತ (ಲೀಟರಿಗೆ 1 ಮಿಲಿಗ್ರಾಂ) ಇಳಿಯದಿರಲಿ. 50,000 ಲೀಟರ್ ಕೊಳಕ್ಕೆ 65% ಕ್ಲೋರಿನ್ ಪುಡಿ ಸುಮಾರು 80 ಗ್ರಾಂ ಹಾಕಿದರೆ 1 ಪಿಪಿಎಂ ಏರುತ್ತದೆ. ಬಕೆಟ್ಟಿನ ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿಯಲೇಬಾರದು. ಬಿಸಿಲಿಗೆ ಕ್ಲೋರಿನ್ ಹಾರುವುದರಿಂದ ಸಂಜೆಯೇ ಹಾಕಿ. ಜೋರು ಮಳೆಯಾದ ಮೇಲೆ ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಕ್ಷಾರದ ಪ್ರಮಾಣ) ನೋಡಿ. ಇಳಿದಿದ್ದರೆ, 50,000 ಲೀಟರ್ ನೀರಿಗೆ 850 ಗ್ರಾಂ ಅಡುಗೆ ಸೋಡಾ 10 ಪಿಪಿಎಂ ಏರಿಸುತ್ತದೆ.