ಓಕ್‌ಮಾಂಟ್ ಅಷ್ಟು ಕೆಟ್ಟದ್ದೇನಲ್ಲ

2025ರ ಯುಎಸ್ ಓಪನ್ ಗಾಲ್ಫ್ ಟೂರ್ನಿಗೆ ಅಮೆರಿಕದ ಓಕ್‌ಮಾಂಟ್ ಗಾಲ್ಫ್ ಕೋರ್ಸನ್ನು ಅಷ್ಟು ಕಠಿಣ ಮಾಡಿದ್ದು ತಪ್ಪು, ಅದು ಆಟವಲ್ಲ ಶಿಕ್ಷೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ ಸಾರ್. ಐದು ಇಂಚಿನ ಹುಲ್ಲು, ಗಾಜಿನಂತೆ ಜಾರುವ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು), ಎಲ್ಲಾ ನಿಜ. ಚೆಂಡು ಹುಲ್ಲಿಗೆ ಬಿದ್ದರೆ ಕಾಲಬುಡದಲ್ಲೇ ಇದ್ದರೂ ಹುಡುಕಬೇಕು. ಆದರೆ ಅದೇ ತಾನೇ ಮಜಾ?

ಈ ಟೂರ್ನಿ ಗೆದ್ದ ಜೆ.ಜೆ. ಸ್ಪಾನ್ ಕೊನೆಯ ದಿನ ಮೊದಲ ಆರು ಹೋಲ್‌ಗಳಲ್ಲಿ ಐದು ಬೋಗಿ (ನಿಗದಿಗಿಂತ ಒಂದು ಹೊಡೆತ ಹೆಚ್ಚು) ಹೊಡೆದರು. ಕಥೆ ಮುಗೀತು ಅಂದುಕೊಂಡೆ. ಅಷ್ಟರಲ್ಲಿ ಮಳೆ ಬಂದು ಆಟ ನಿಂತಿತು. ವಾಪಸ್ ಬಂದ ಮನುಷ್ಯ ಬೇರೆಯೇ! 17ನೇ ಹೋಲ್‌ನಲ್ಲಿ ಒಂದೇ ಏಟಿಗೆ ಗ್ರೀನ್ ಮೇಲೆ. ಕೊನೆಯದಾದ 18ರಲ್ಲಿ ಎರಡು ಪಟ್‌ನಲ್ಲಿ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಮುಗಿಸಿದರೂ ಕಪ್ ಅವರದೇ. ಸುಮ್ನೆ ಹತ್ತಿರ ನಿಲ್ಲಿಸಿದರೆ ಸಾಕಿತ್ತು. ಆದರೆ 64 ಅಡಿ ದೂರದಿಂದ ಚೆಂಡು ಓರೆಯಾಗಿ ಉರುಳುತ್ತಾ ಬಂದು ನೇರ ಕುಳಿಗೇ ಇಳಿಯಿತು. ನಾನಂತೂ ಕೂತಲ್ಲಿಂದ ಎದ್ದುಬಿಟ್ಟೆ.

ನಾಲ್ಕು ದಿನ ಆಡಿ ಪಾರ್‌ಗಿಂತ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ) ಕೆಳಗೆ ಮುಗಿಸಿದ್ದು ಅವರೊಬ್ಬರೇ, ಅದೂ ಒಂದೇ ಒಂದು ಹೊಡೆತ. ಸುಲಭದ ಕೋರ್ಸ್‌ನಲ್ಲಿ ಪಾರ್‌ಗಿಂತ 20 ಕಡಿಮೆ ಹೊಡೆದು ಗೆದ್ದಿದ್ದರೆ ನೀವು ಈ ಲೇಖನ ಬರೆಯುತ್ತಿದ್ದಿರಾ? ಮಳೆಯಲ್ಲಿ ನೆನೆದ ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿ) ಬಗ್ಗೆ ದೂರಿದ್ದೀರಲ್ಲ, ಅದು ಮಾತ್ರ ನ್ಯಾಯ.