ಒಂಬತ್ತನೇ ಎಪಿಸೋಡು ಎಲ್ಲಿ ಸ್ವಾಮಿ?

ಜನವರಿ ಅಂದ್ರೆ ಕೊಡಗಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ರೊಬಸ್ಟಾ ಹಣ್ಣಾಗಿ ಕೂತಿರುತ್ತದೆ, ಕಣದಲ್ಲಿ ಕಾಫಿ ಹರಡಿದ ಮೇಲೆ ಒಂದು ತುಂಡು ಮೋಡ ಕಂಡರೂ ಬೆಳೆಗಾರನ ಬಿಪಿ ಏರುತ್ತದೆ. ಇಂಥ ತಿಂಗಳಲ್ಲಿ, ಅಂದರೆ 2026ರ ಜನವರಿ 8ರ ಬೆಳಿಗ್ಗೆ ಆರೂವರೆಗೆ, ಮಡಿಕೇರಿಯಿಂದ ಕುಟ್ಟದವರೆಗೆ ಒಂದಷ್ಟು ಹುಡುಗ ಹುಡುಗಿಯರು ರಗ್ಗು ಹೊದ್ದುಕೊಂಡು ಫೋನ್ ಹಿಡಿದು ಕಾಯುತ್ತಿದ್ದರು. ಒಂದು ಎಪಿಸೋಡ್ ಬರುವುದಿತ್ತು. ಆ ಎಪಿಸೋಡ್ ಇಲ್ಲ ಅನ್ನೋದೊಂದೇ ತೊಂದರೆ.

ಇಲ್ಲ ಅಂತ ಹೇಳಿದ್ದು ನಾನಲ್ಲ, ನೆಟ್‌ಫ್ಲಿಕ್ಸೇ ಹೇಳಿತ್ತು. ಸ್ಟ್ರೇಂಜರ್ ಥಿಂಗ್ಸಿನ ಎಲ್ಲ ಎಪಿಸೋಡುಗಳೂ ಬಂದಾಗಿವೆ, ನೋಡಿಕೊಳ್ಳಿ ಅಂತ ತನ್ನ ಖಾತೆಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಹಾಕಿತ್ತು. ನಮ್ಮ ಪಕ್ಕದ ತೋಟದ ಹುಡುಗ ಅದನ್ನು ತಂದು ನನಗೆ ತೋರಿಸಿದ. "ನೋಡಿದ್ರಾ ಮಾವ, ಇಷ್ಟು ಒತ್ತಿ ಹೇಳ್ತಿದ್ದಾರೆ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ." ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಹೊಸವರ್ಷಕ್ಕೆ ಬಂದವನು ಮನೆಯಿಂದಲೇ ಕೆಲಸ ಅಂತ ಉಳಿದುಕೊಂಡಿದ್ದ. ಅವನ ಕಂಪನಿ ಇದನ್ನು ಓದದಿರಲಿ.

ಗೊತ್ತಿಲ್ಲದವರಿಗೆ ಒಂದಿಷ್ಟು ಕಥೆ. ಈ ಸೀರೀಸ್ ಶುರುವಾದದ್ದು 2016ರಲ್ಲಿ. ಅಮೆರಿಕದ ಇಂಡಿಯಾನಾದಲ್ಲಿ ಹಾಕಿನ್ಸ್ ಅಂತ ಒಂದು ಕಾಲ್ಪನಿಕ ಊರು, ಆ ಊರಿಗೆ ಅಂಟಿಕೊಂಡೇ ತಲೆಕೆಳಗಾದ ಇನ್ನೊಂದು ಲೋಕ, ಅಲ್ಲಿ ವೆಕ್ನಾ ಅನ್ನೋ ಒಬ್ಬ ದುಷ್ಟ. ಅವನು ಜನರ ತಲೆಯೊಳಗೆ ನುಗ್ಗಿ ಇಲ್ಲದ್ದನ್ನೆಲ್ಲ ತೋರಿಸುತ್ತಾನೆ. ಐದು ಸೀಸನ್ ಆಯಿತು. ಐದನೆಯದರಲ್ಲಿ ಎಂಟು ಎಪಿಸೋಡು. ಕೊನೆಯದು ಎರಡು ಗಂಟೆಗೂ ಜಾಸ್ತಿ, ನಮ್ಮ ಲೆಕ್ಕದಲ್ಲಿ ಜನವರಿ 1ರ ಬೆಳಿಗ್ಗೆ ಬಂತು. ವೆಕ್ನಾ ಸತ್ತ. ಮಕ್ಕಳು ಹೈಸ್ಕೂಲ್ ಮುಗಿಸಿ ಗೌನ್ ಹಾಕಿಕೊಂಡು ಕೂತರು, ತಾವು ಆಡುತ್ತಿದ್ದ ಡೈಸ್ ಆಟದ ಫೈಲುಗಳನ್ನು ಕಪಾಟಿನಲ್ಲಿಟ್ಟರು, ಬಾಗಿಲು ಹಾಕಿದರು. ಇಲೆವೆನ್ ಅನ್ನೋ ಹುಡುಗಿ ಬದುಕಿದ್ದಾಳೋ ಇಲ್ಲವೋ ಅನ್ನೋದನ್ನು ಮಾತ್ರ ಬೇಕಂತಲೇ ಅರ್ಧಕ್ಕೆ ಬಿಟ್ಟರು. ಅದರ ಮೇಲೆ ಜಗಳ ಆಡಿದರೆ ನನಗೂ ಖುಷಿ, ಬನ್ನಿ, ಒಂದು ಕಾಫಿ ಮೇಲೆ ಆಡೋಣ.

ಆದರೆ ಅಭಿಮಾನಿಗಳು ಹಿಡಿದದ್ದು ಅದನ್ನಲ್ಲ. ಗೌನ್ ಹಾಕಿಕೊಂಡು ಕೂತ ಮಕ್ಕಳೆಲ್ಲ ಕೈಮೇಲೆ ಕೈ ಇಟ್ಟುಕೊಂಡಿದ್ದರಲ್ಲ, ವೆಕ್ನಾ ಕೂಡ ಮೊದಲು ಹಾಗೇ ನಿಲ್ಲುತ್ತಿದ್ದನಂತೆ. ಅಲ್ಲಿಗೆ ಕೇಸು ಮುಗಿಯಿತು. ಇಡೀ ಕೊನೆಯ ಎಪಿಸೋಡೇ ಅವನು ಹುಟ್ಟಿಸಿದ ಭ್ರಮೆ. ಕಪಾಟಿನಲ್ಲಿಟ್ಟ ಫೈಲುಗಳ ಬೆನ್ನಿನ ಗುರುತುಗಳನ್ನು ಕೂಡಿಸಿ ಓದಿದರೆ 'ಸುಳ್ಳು' ಅಂತ ಬರುತ್ತದಂತೆ. ಮೊದಲ ಸೀಸನ್ನಿನ ಮೊದಲ ಎಪಿಸೋಡಿನಲ್ಲಿ ಒಬ್ಬ ಹುಡುಗ ಡೈಸ್ ಎಸೆದಾಗ ಏಳು ಬಿದ್ದಿತ್ತು, ಆದ್ದರಿಂದ ಅಸಲಿ ಕೊನೆ ಜನವರಿ 7ಕ್ಕೆ! ಇದಕ್ಕೆ ಕನ್ಫರ್ಮಿಟಿ ಗೇಟ್ ಅಂತ ಹೆಸರೂ ಇಟ್ಟರು. ಅಲ್ಲಿನ 7ರ ಸಂಜೆ ಅಂದ್ರೆ ನಮಗೆ 8ರ ಬೆಳಿಗ್ಗೆ. ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ನುಗ್ಗಿ ನೆಟ್‌ಫ್ಲಿಕ್ಸೇ ಸ್ವಲ್ಪ ಹೊತ್ತು ಮಲಗಿಬಿಟ್ಟಿತು. ಮಲಗಿದ್ದೂ ಸುಳಿವೇ ಅಂತ ಹುಡುಗ ಹೇಳಿದ.

ಅವತ್ತು ಬೆಳಿಗ್ಗೆ ನಡೆದದ್ದು ಹೀಗೆ. ನಮ್ಮ ಕಡೆ ನೆಟ್‌ವರ್ಕ್ ಸಿಗುವುದು ಕೆಲಸದವರ ಲೈನ್‌ಮನೆ ದಾಟಿ ಸಿಕ್ಕುವ ದಿಣ್ಣೆಯ ಮೇಲೆ ಮಾತ್ರ. ಅದರಾಚೆ ಕಾಡು. ಹುಡುಗ ಕತ್ತಲಲ್ಲೇ ಹೋಗಿ ಅಲ್ಲಿ ಕೂತಿದ್ದ. ಅದೇ ಹೊತ್ತಿಗೆ ಊರಿನ ಆನೆ ಗ್ರೂಪಿನಲ್ಲಿ ಮೆಸೇಜು ಬಂದಿತ್ತು, ಒಂಟಿ ಸಲಗ ದಿಣ್ಣೆ ಕಡೆ ಹೋಗಿದೆ, ಕೆಲಸದವರನ್ನು ಬಿಡಬೇಡಿ ಅಂತ. ಗ್ರೂಪನ್ನು ಅವನು ಮ್ಯೂಟ್ ಮಾಡಿದ್ದ. ಯಾರಾದರೂ ಕೊನೆ ಎಪಿಸೋಡಿನ ಕಥೆ ಬಾಯಿಬಿಟ್ಟಾರು ಅನ್ನೋ ಭಯಕ್ಕೆ, ಎಲ್ಲ ಗ್ರೂಪೂ ಮ್ಯೂಟ್. ಅವನ ಅಮ್ಮ ಅಂಗಳದಿಂದ ಕೂಗಿದ ಕೂಗಿಗೆ ಸಲಗವೇ ಹೆದರಿ ಬೇರೆ ದಾರಿ ಹಿಡಿಯಿತು ಅಂತ ತೋಟದ ಲೆಕ್ಕ ಬರೆಯುವ ರೈಟರ್ ಹೇಳುತ್ತಾರೆ. ಹುಡುಗನಿಗೆ ಸಿಟ್ಟು ಬಂದದ್ದು ಆನೆ ಮೇಲಲ್ಲ, ಎಪಿಸೋಡ್ ಬರಲಿಲ್ಲ ಅಂತ.

ನನಗೆ ಅರ್ಥವಾಗದ್ದು ಒಂದೇ. ತಲೆಕೆಳಗಾದ ಲೋಕ ಇದೆ ಅಂದ್ರೆ ಇವರು ಒಪ್ಪುತ್ತಾರೆ. ಒಬ್ಬ ಹುಡುಗಿ ಬರೀ ಕಣ್ಣಲ್ಲಿ ನೋಡಿ ವ್ಯಾನ್ ಮಗುಚಬಹುದು ಅಂದ್ರೆ ಒಪ್ಪುತ್ತಾರೆ. ಸೆಟ್ಟಿನಲ್ಲಿ ಯಾರಿಗೋ ನಿದ್ದೆ ಬಂದು ಒಂದು ತಪ್ಪಾಯಿತು ಅಂದ್ರೆ ಮಾತ್ರ ನಂಬುವುದಿಲ್ಲ!

ಇದೇ ಸೀರೀಸಿನಲ್ಲಿ ವಿಲ್ ಅಂತ ಒಬ್ಬ ಹುಡುಗ. ಎರಡನೇ ಸೀಸನ್ನಿನಲ್ಲಿ ಅವನ ತಾಯಿ ಮಾರ್ಚ್ 22 ಅವನ ಹುಟ್ಟುಹಬ್ಬ ಅಂತ ಹೇಳುತ್ತಾಳೆ. ನಾಲ್ಕನೇ ಸೀಸನ್ನಿನಲ್ಲಿ, ಅಂದರೆ 2022ರಲ್ಲಿ ಬಂದದ್ದರಲ್ಲಿ, ಪರದೆಯ ಮೇಲೇ ಮಾರ್ಚ್ 22 ಅಂತ ಕಾಣುತ್ತದೆ, ಆಪ್ತ ಸ್ನೇಹಿತರು ಜೊತೆಗಿದ್ದಾರೆ, ಒಬ್ಬನೂ ವಿಶ್ ಮಾಡುವುದಿಲ್ಲ. ಆಗ ಎದ್ದ ಥಿಯರಿಗಳು ಒಂದೆರಡಲ್ಲ. ದುಷ್ಟಶಕ್ತಿ ಎಲ್ಲರ ನೆನಪು ಅಳಿಸಿದೆ, ವಿಲ್ ಅಸಲಿ ವಿಲ್ಲೇ ಅಲ್ಲ, ಇದು ಐದನೇ ಸೀಸನ್ನಿಗೆ ಹಾಕಿದ ಬುನಾದಿ. ಕೊನೆಗೆ ಈ ಸೀರೀಸ್ ಕಟ್ಟಿದ ಡಫರ್ ಸಹೋದರರನ್ನು ಕೇಳಿದರೆ ಅವರು ಹೇಳಿದ್ದು, ನಮಗೇ ಮರೆತುಹೋಗಿತ್ತು ಅಂತ. ಪಾಪ, ತಾಯಿ ಬಾಯಲ್ಲಿ ಆಡಿಸಿದ ತಿಂಗಳನ್ನೇ ಬದಲಾಯಿಸಿಬಿಡೋಣವಾ ಅಂತಲೂ ಯೋಚಿಸಿದ್ದರಂತೆ. ಕಥೆ ಬರೆದವರೇ ಮರೆತೆವು ಅಂದ ಮೇಲೂ ಸುಮ್ಮನಾಗದವರು ಇದ್ದಾರೆ. ನಮ್ಮ ಹುಡುಗನ ಪ್ರಕಾರ ಮರೆತೆವು ಅನ್ನೋ ಮಾತೇ ದೊಡ್ಡ ಸುಳಿವು.

ಈ ಕಾಯಿಲೆಗೆ ಕಾರಣ ಇಲ್ಲದಿಲ್ಲ, ನ್ಯಾಯವಾಗಿ ಅದನ್ನೂ ಹೇಳಬೇಕು. 1990ರಲ್ಲಿ ಟ್ವಿನ್ ಪೀಕ್ಸ್ ಅಂತ ಒಂದು ಸೀರೀಸ್ ಬಂತು. ಅದರ ಶೂಟಿಂಗಿನಲ್ಲಿ ಫರ್ನಿಚರ್ ಜೋಡಿಸುತ್ತಿದ್ದ ಫ್ರಾಂಕ್ ಸಿಲ್ವಾ ಅನ್ನೋ ಸೆಟ್ ಕೆಲಸದವನ ಮುಖ ಒಂದು ಶಾಟಿನಲ್ಲಿ ಕನ್ನಡಿಯೊಳಗೆ ಬಿದ್ದುಬಿಟ್ಟಿತು. ಕ್ಯಾಮೆರಾದವನು ಶಾಟ್ ಕೆಟ್ಟಿತು ಅಂದ. ನಿರ್ದೇಶಕ ಡೇವಿಡ್ ಲಿಂಚ್ ಇರಲಿ ಬಿಡು ಅಂದರು. ಆ ಮುಖವೇ ಮುಂದೆ ಬಾಬ್ ಅನ್ನೋ ಕೆಟ್ಟ ಆತ್ಮವಾಗಿ ಇಡೀ ಕಥೆಯನ್ನು ನಡೆಸಿತು. ಒಂದು ಸಲ, ಒಬ್ಬ ನಿರ್ದೇಶಕ, ಒಂದು ತಪ್ಪನ್ನು ದೆವ್ವ ಮಾಡಿದ್ದಕ್ಕೆ ಅವತ್ತಿಂದ ಇವತ್ತಿನವರೆಗೆ ಯಾವ ತಪ್ಪೂ ತಪ್ಪಾಗಿ ಉಳಿದಿಲ್ಲ. ಹಿಂದೆ ನೇತುಹಾಕಿದ ಕ್ಯಾಲೆಂಡರ್ ಸ್ವಲ್ಪ ವಾಲಿದರೂ ಅದರ ಮೇಲೆ ಒಂದು ಗಂಟೆಯ ವಿಡಿಯೋ ಬರುತ್ತದೆ.

'ಲಾಸ್ಟ್' (Lost) ಅನ್ನೋ ಸೀರೀಸಿನದ್ದು ಇನ್ನೂ ಚೆಂದ. 2004ರಿಂದ 2010ರವರೆಗೆ ಓಡಿತು. ಅದರಲ್ಲಿ 4, 8, 15, 16, 23, 42 ಅಂತ ಆರು ಶಾಪಗ್ರಸ್ತ ನಂಬರುಗಳು. ಈ ನಂಬರಿನಿಂದ ಲಾಟರಿ ಗೆದ್ದವನ ಬದುಕು ಹಾಳಾಗುತ್ತದೆ, ಕಥೆಯಲ್ಲಿ ಅಷ್ಟು ಸ್ಪಷ್ಟವಾಗಿ ತೋರಿಸಿದ್ದಾರೆ. ಅದನ್ನು ನೋಡಿದ ಅಭಿಮಾನಿಗಳು ಏನು ಮಾಡಬೇಕು ಹೇಳಿ? ಅವೇ ನಂಬರಿಗೆ ದುಡ್ಡು ಕಟ್ಟಿದರು. 2011ರ ಜನವರಿಯಲ್ಲಿ ಅಮೆರಿಕದ ದೊಡ್ಡ ಲಾಟರಿಯಲ್ಲಿ ಆರರಲ್ಲಿ ನಾಲ್ಕು ನಂಬರು ಹೊಡೆದೂಬಿಟ್ಟಿತು. 4, 8, 15, ಮತ್ತೆ ಕೊನೆಗೆ 42. ಸಾವಿರಾರು ಜನ ಗೆದ್ದರು. ಹೆಚ್ಚಿನವರ ಕೈಗೆ ಬಂದದ್ದು ತಲಾ 150 ಡಾಲರ್. ಬದುಕು ಹಾಳಾಗುವುದಕ್ಕೂ ಸಾಲದು, ಉದ್ಧಾರವಾಗುವುದಕ್ಕೂ ಸಾಲದು.

ಈಗ ಊರಿನ ಮಾತಿಗೆ ಬರೋಣ. ಅಲೌಕಿಕ ಅನ್ನೋದು ಕೊಡಗಿಗೆ ಹೊಸತಾ? ನಮ್ಮ ಮನೆಗಳಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಕೋಳಿ ಕರಿ, ಕಡಂಬುಟ್ಟು, ಪಕ್ಕದಲ್ಲಿ ಒಂದು ಗ್ಲಾಸು. ಕಾರೋಣರು ಬರುತ್ತಾರೆ, ತೃಪ್ತಿ ಪಡುತ್ತಾರೆ, ಹೋಗುತ್ತಾರೆ. ಯಾರೂ ಪಾಝ್ ಮಾಡಿ ಝೂಮ್ ಮಾಡುವುದಿಲ್ಲ. ತೋಟದ ಮೂಲೆಯ ಗುಳಿಗನಿಗೆ ವರ್ಷಕ್ಕೊಂದು ಸಲ ಕೊಡಬೇಕಾದ್ದು ಕೊಟ್ಟರೆ ಅವನು ಅವನ ಪಾಡಿಗೆ, ನಾವು ನಮ್ಮ ಪಾಡಿಗೆ. ತಲಕಾವೇರಿಯಲ್ಲಿ ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ತೀರ್ಥೋದ್ಭವ ಯಾವಾಗ ಅಂತ ಗಂಟೆ, ನಿಮಿಷ ಸಮೇತ ಮೊದಲೇ ತಿಳಿಸುತ್ತಾರೆ. ನಡುರಾತ್ರಿ ಆದರೂ ಜನ ಬಿಂದಿಗೆ ಹಿಡಿದು ಚಳಿಯಲ್ಲಿ ನಿಲ್ಲುತ್ತಾರೆ. ಕಾವೇರಿ ಬರುತ್ತಾಳೆ. ಬಂದದ್ದು ಅಸಲಿ ಕಾವೇರಿ ಅಲ್ಲ, ಅಸಲಿ ಕಾವೇರಿ ಏಳು ದಿನ ಬಿಟ್ಟು ಬರುತ್ತಾಳೆ ಅಂತ ಇವತ್ತಿನವರೆಗೆ ಒಬ್ಬನೂ ಹೇಳಿಲ್ಲ.

ಹುಡುಗನ ತಾತ ಹಳೇ ಕಾಲದ ಬೆಳೆಗಾರರು. ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ದಿನವೂ ರಿಜಿಸ್ಟರಿನಲ್ಲಿ ಬರೆದಿಟ್ಟವರು. ಯಾವ ವರ್ಷ ಹೂಮಳೆ ಯಾವತ್ತು ಬಂತು, ಎಷ್ಟು ಬಂತು, ಎಲ್ಲ ಅದರಲ್ಲಿ ಸಿಗುತ್ತದೆ. ಮೊನ್ನೆ ಅವರ ಮನೆಗೆ ಹೋದಾಗ ನೋಡಿದೆ, ಅದೇ ರಿಜಿಸ್ಟರಿನ ಖಾಲಿ ಹಾಳೆಗಳಲ್ಲಿ ಮೊಮ್ಮಗ ಐದೂ ಸೀಸನ್ನಿನ ಗಡಿಯಾರಗಳು ತೋರಿಸಿದ ಸಮಯ ಬರೆದಿದ್ದಾನೆ. ಅಕ್ಷರ ತಾತನದ್ದೇ, ಮುತ್ತಿನಂತೆ. ಶ್ರದ್ಧೆ ವಂಶದಲ್ಲೇ ಬಂದಿದೆ. ಸುರಿದದ್ದನ್ನು ಅಳೆಯುತ್ತಿದ್ದ ಮನೆಯಲ್ಲಿ ಈಗ ಸುರಿಯದ್ದನ್ನು ಅಳೆಯುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ಗೋಣಿಕೊಪ್ಪದ ಬೇಕರಿಯಲ್ಲಿ ಇದೇ ವಿಷಯಕ್ಕೆ ಇಬ್ಬರು ಡಿಗ್ರಿ ಹುಡುಗರು ಕೈಕೈ ಮಿಲಾಯಿಸುವ ಹಂತಕ್ಕೆ ಹೋದರಂತೆ. ಒಬ್ಬನದು ಭ್ರಮೆ ವಾದ, ಇನ್ನೊಬ್ಬನದು ಭ್ರಮೆಯೊಳಗೆ ಭ್ರಮೆ ವಾದ. ಬೇಕರಿಯವನು ಇಬ್ಬರಿಗೂ ಬಿಲ್ಲು ಕೊಟ್ಟ. ಅದು ಭ್ರಮೆ ಆಗಿರಲಿಲ್ಲ.

ಕಾಫಿ ಜಿಲ್ಲೆಯವನಾಗಿ ಒಂದು ಮಾತು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. 2019ರಲ್ಲಿ ಗೇಮ್ ಆಫ್ ಥ್ರೋನ್ಸಿನ ಕೊನೆ ಸೀಸನ್ನಿನಲ್ಲಿ, ಡ್ರ್ಯಾಗನ್ ಸಾಕಿದ ರಾಣಿಯ ಮುಂದೆ ಮೇಜಿನ ಮೇಲೆ ಇವತ್ತಿನ ಕಾಲದ ಪೇಪರ್ ಕಾಫಿ ಕಪ್ಪು ಕಾಣಿಸಿಕೊಂಡಿತು. ಚಾನಲಿನವರು ತಪ್ಪಾಯಿತು ಅಂತ ಒಪ್ಪಿಕೊಂಡರು, ರಾಣಿ ಕೇಳಿದ್ದು ಹರ್ಬಲ್ ಟೀ ಅಂತ ಜೋಕನ್ನೂ ಹೊಡೆದರು, ಎರಡು ದಿನದಲ್ಲಿ ಕಪ್ಪನ್ನು ಅಳಿಸಿ ಹಾಕಿದರು. ತಪ್ಪನ್ನು ಹೇಗೆ ಒಪ್ಪಿಕೊಳ್ಳಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಆದರೂ ಟೀ ಅನ್ನಬಾರದಿತ್ತು, ಇಲ್ಲಿ ಕೆಲವರಿಗೆ ಅದು ಇನ್ನೂ ಕುಟುಕುತ್ತಿದೆ.

ಜನವರಿ 12ಕ್ಕೆ ನೆಟ್‌ಫ್ಲಿಕ್ಸ್ ಒಂದು ಸಾಕ್ಷ್ಯಚಿತ್ರ ಬಿಟ್ಟಿತು, ಕೊನೆ ಸೀಸನ್ ಹೇಗೆ ಮಾಡಿದೆವು ಅಂತ. ಅದು ಬರುವ ಮುಂಚೆಯೇ ಹುಡುಗನ ಹೊಸ ಥಿಯರಿ ತಯಾರಿತ್ತು, ಸಾಕ್ಷ್ಯಚಿತ್ರದ ವೇಷದಲ್ಲಿ ಅಸಲಿ ಎಪಿಸೋಡ್ ಬರುತ್ತದೆ ಅಂತ. ಬಂದದ್ದು ಸಾಕ್ಷ್ಯಚಿತ್ರವೇ. ಸುಸ್ತಾದ ಮುಖಗಳು, ಮುಗಿಯದ ಸ್ಕ್ರಿಪ್ಟು, ತಲೆ ಮೇಲೆ ಕೂತ ಗಡುವು. ಕೊನೆ ಎಪಿಸೋಡಿನ ಕಥೆ ಬರೆದು ಮುಗಿಯುವ ಮುಂಚೆಯೇ ಶೂಟಿಂಗ್ ಶುರುವಾಗಿತ್ತು ಅಂತ ಅದರಲ್ಲೇ ಗೊತ್ತಾಗುತ್ತದೆ. ಇಷ್ಟು ನೋಡಿದರೆ ಸಾಕಲ್ವಾ? ಹುಡುಗ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಸಾಕ್ಷ್ಯಚಿತ್ರವನ್ನೇ ಪಾಝ್ ಮಾಡಿ, ಹಿಂದಿನ ಗೋಡೆಯ ಬೋರ್ಡಿನಲ್ಲಿ ಏನು ಬರೆದಿದೆ ಅಂತ ನೋಡುತ್ತಿದ್ದ.

ಆಗ ನನಗೊಂದು ಯೋಚನೆ ಬಂತು. ಇಷ್ಟು ಚುರುಕಾದ ಕಣ್ಣು ಸುಮ್ನೆ ಹಾಳಾಗಬಾರದು. ನಮ್ಮೂರ ಅಡ್ಡರಸ್ತೆಯಲ್ಲಿ ಪೈಪಿಗೆ ಅಂತ ತೋಡಿದ ಗುಂಡಿ ಒಂದಿದೆ. ಪೈಪು ಬಂದಿಲ್ಲ, ಗುಂಡಿ ಮುಚ್ಚಿಲ್ಲ, ಎರಡು ಮಳೆಗಾಲ ಕಳೆದು ಈಗ ಅದರಲ್ಲಿ ಕಪ್ಪೆಗಳ ಸಂಸಾರ. ಪಕ್ಕದಲ್ಲಿ ಕಾಮಗಾರಿಯ ಬೋರ್ಡು ನಿಂತಿದೆ. ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನೋಡು ಮಗ, ಅಂದಾಜು ಮೊತ್ತ ಅಂತ ಬರೆದಿದೆ, ಮುಂದೆ ಮೊತ್ತವೇ ಇಲ್ಲ. ಯಾರೋ ಬಿಳಿ ಪೇಂಟ್ ಬಳಿದಿದ್ದಾರೆ. ಕೆಲಸ ಶುರುವಾದ ದಿನ ಇಲ್ಲಿದೆ, ಮುಗಿದ ದಿನ ಇಲ್ಲಿದೆ, ಮುಗಿದದ್ದು ಶುರುವಾಗುವ ಮೂರು ತಿಂಗಳ ಮುಂಚೆ! ಕಾಲವೇ ಹಿಂದೆ ಹೋಗಿದೆ. ಗುತ್ತಿಗೆದಾರನ ಹೆಸರಿನ ಮೇಲೆ ಹುಟ್ಟುಹಬ್ಬದ ಶುಭಾಶಯದ ಪೋಸ್ಟರ್ ಅಂಟಿಸಿದ್ದಾರೆ, ಪೋಸ್ಟರಿನಲ್ಲಿರುವವರು ಕೈಮೇಲೆ ಕೈ ಇಟ್ಟುಕೊಂಡೇ ನಿಂತಿದ್ದಾರೆ. ಇಷ್ಟೊಂದು ಸುಳಿವು ಯಾವ ಸೀರೀಸಿನಲ್ಲಿ ಒಂದೇ ಫ್ರೇಮಿಗೆ ಸಿಗುತ್ತದೆ? ದುಡ್ಡು ಎಲ್ಲಿ ಹೋಯಿತು, ಹೇಳು ನೋಡೋಣ.

ಹುಡುಗ ಬೋರ್ಡನ್ನು ಒಂದು ಸಲ ನೋಡಿದ. ಫೋನನ್ನು ಎರಡು ಸಲ ನೋಡಿದ.

"ಮಾವ, ಪೇಂಟ್ ಮಾಡಿದವನು ತಪ್ಪಿ ಬರೆದಿರ್ತಾನೆ ಅಷ್ಟೇ. ಹೀಗೆ ಎಲ್ಲದಕ್ಕೂ ಅರ್ಥ ಹುಡುಕ್ತಾ ಕೂತ್ರೆ ಆಗುತ್ತಾ?"